ತೊಟ್ಟಿಕ್ಕುವ ನಲ್ಲಿ

ಸೊಸೆಗೆ ನೀರಿನ ಹನಿಯ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು. ಅಡುಗೆಮನೆಯ ನಲ್ಲಿಯ ಮುಂದೆ ಕ್ಯಾಮೆರಾ ಇಟ್ಟುಕೊಂಡು ಕೂತರೆ, ಸೂರು ಕಳಚಿ ತಲೆ ಮೇಲೆ ಬಿದ್ದರೂ ಏಳುವವಳಲ್ಲ. ಹನಿ ಒಂದೇ ಸಮನೆ ಬೀಳಲಿ ಎಂದು ಯಾರಿಗೂ ಹೇಳದೆ ನಲ್ಲಿಯ ಒಳ್ಳೆಯ ವಾಷರ್ ಕಿತ್ತು, ಸವೆದುಹೋದ ಹಳೆಯದೊಂದನ್ನು ಹಾಕಿಟ್ಟಿದ್ದಳು.

ಅತ್ತೆಗೆ ಅದು ಗೊತ್ತಿಲ್ಲ. ತನ್ನ ಕೈಯಲ್ಲಿ ಕಸುವಿಲ್ಲದ್ದಕ್ಕೇ ನಲ್ಲಿ ತೊಟ್ಟಿಕ್ಕುತ್ತಿದೆ ಎಂದುಕೊಂಡು, ಆ ಮುದುಕಿ ದಿನವೂ ಹಲ್ಲು ಕಚ್ಚಿ, ಭೂಮಿಯನ್ನೇ ತಿರುಗಿಸುವವಳಂತೆ ಅದನ್ನು ತಿರುಗಿಸುತ್ತಿದ್ದಳು. ಮಣಿಕಟ್ಟು ಕುಂಬಳಕಾಯಿಯಷ್ಟು ಊದಿದ್ದು ಸೊಸೆಯ ಕಣ್ಣಿಗೆ ಬಿದ್ದದ್ದು ಇವತ್ತು.

"ಏನತ್ತೆ ಇದು?"

"ಮುದಿ ಕೈ ಕಣೇ. ಒಂದು ನಲ್ಲಿ ನಿಲ್ಸೋಕಾಗದ ಕೈ ಇದ್ರೆಷ್ಟು, ಬಿಟ್ರೆಷ್ಟು!"

ಸೊಸೆ ಆ ಕೈಯನ್ನೂ ನಲ್ಲಿಯನ್ನೂ ನೋಡಿದಳು. ಒಂದು ಹಾಳು ಫೋಟೋಗಾಗಿ ಈ ಜೀವವನ್ನು ಇಷ್ಟು ಗೋಳಾಡಿಸಿದೆನಲ್ಲ! ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಒಳ್ಳೆಯ ವಾಷರ್ ಮತ್ತೆ ಹಾಕಿದಳು. ಬಂದ ಕೂಡಲೇ ಎಲ್ಲ ಹೇಳಿಬಿಡೋಣವೆಂದು ಕಾದು ನಿಂತಳು.

ಅತ್ತೆ ಬಂದು ಕೈ ತೊಳೆದು ನಲ್ಲಿ ತಿರುಗಿಸಿ ನಿಲ್ಲಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ನೋಡೇ! ಕೈಗೆ ಬಲ ಬಂತು! ಇನ್ನು ನಿನ್ನ ಗಂಡನ ಕಿವಿ ಹಿಂಡೋಕೂ ನಾನೇ ಸಾಕು!"

ಅರಳಿದ ಆ ಮುಖ ನೋಡಿ, ಹೇಳಬೇಕೆಂದಿದ್ದನ್ನು ಸೊಸೆ ಅಲ್ಲಿಗೇ ಬಿಟ್ಟಳು. ಊದಿದ ಕೈಯನ್ನು ಮಡಿಲಿಗೆಳೆದುಕೊಂಡು ನೋವಿನ ಮುಲಾಮು ಹಚ್ಚತೊಡಗಿದಳು.

"ಬಲ ಬಂದಿದ್ದು ನಂಗೆ, ನೀನ್ಯಾಕೇ ಅಳ್ತೀಯಾ?"

"ಮುಲಾಮಿನ ಘಾಟು, ಅತ್ತೆ."