ಬನ್ನಿಗೆ ಹೊರಟ ಡಬ್ಬಾ

ಹಬ್ಬದ ದಿನವೇ ಗಾಡಿ ಕೈ ಕೊಟ್ಟಿತು. ಮೆಹದಿಪಟ್ಟಣಂನ ಮನೆಯ ಮುಂದೆ ಅಮೃತಪ್ಪನ ಹಳೇ ಅಂಬಾಸಡರ್ ಗೊರ್ ಎನ್ನುತ್ತಿತ್ತೇ ಹೊರತು ಸುರುವಾಗಲೊಲ್ಲದು. ಅವನ ಹೆಂಡತಿ ಶಿವದೇವಿಗೆ ಜೀವವೇ ಬಾಯಿಗೆ ಬಂತು. ಇದೇ ಗಾಡಿಯನ್ನು ಭಾವ ಕಲ್ಯಾಣಪ್ಪ ‘ಡಬ್ಬಾ’ ಅಂದದ್ದಕ್ಕೆ ಅಣ್ಣತಮ್ಮಂದಿರ ಮಾತು ನಿಂತು ಎರಡು ದಸರಾ ಕಳೆದಿದ್ದವು. ಬನ್ನಿ ಕೊಡಲು ಕಿರಿಯರೇ ಹಿರಿಯರ ಮನೆಗೆ ಹೋಗಬೇಕು. ಈ ಸಲ ಗಂಡನನ್ನು ಹೇಗೋ ಒಪ್ಪಿಸಿ, ಬರುತ್ತೇವೆಂದು ಕುಷಾಯಿಗೂಡದ ಭಾವನ ಮನೆಗೆ ಹೇಳಿಯೂ ಕಳಿಸಿದ್ದಳು. ಇವತ್ತು ತಪ್ಪಿದರೆ ಇನ್ನು ಹೋಗುವ ಆಸಾಮಿಯಲ್ಲ ಅವನು.

“ಬಸ್ಸಿಗೆ ಹೋಗೂಣ್ರಿ,” ಎಂದಳು.

“ಬಸ್ಸಿಗೆ ಹೋದ್ರ ಅಣ್ಣ ನಗತಾನ. ಹೋದ್ರ ಗಾಡ್ಯಾಗ, ಇಲ್ಲಾಂದ್ರ ಇಲ್ಲ.”

ತಾ ಹಿಡಿದ ಮೊಲಕ್ಕೆ ಮೂರೇ ಕಾಲು! ಅಮೃತಪ್ಪ ಬಾನೆಟ್ಟು ಎತ್ತಿ, ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದ. ಒಳಗೆ ಒಂದಕ್ಕೊಂದು ತಾಗಿ ಬಿಡುವ ಎರಡು ಪುಟ್ಟ ಪಾಯಿಂಟುಗಳ ನಡುವೆ ಬೆಳ್ಳಗೆ ಏನೋ ಕೂತಿತ್ತು. ಒರೆಸಿ ಮೂಸಿ ನೋಡಿದ.

“ಇದೇನಿದು, ವಿಭೂತಿ!”

ಶಿವದೇವಿ ನಾಲಿಗೆ ಕಚ್ಚಿಕೊಂಡಳು. “ನಿನ್ನೆ ಆಯುಧಪೂಜಾಕ್ಕ ನಾನೇ ಹಚ್ಚಿದೆ. ನೀವು ಒರಸಾಕಂತ ಮುಚ್ಚಳ ತಗದಿದ್ರಿ. ಹೊರಗಿಂದಕ್ಕ ಹಚ್ಚಿ ಒಳಗಿಂದಕ್ಕ ಬಿಟ್ರ ಹ್ಯಾಂಗ್ರಿ?”

“ಶಿವಶಿವಾ! ಇಂಜಿನ್ನಿಗೂ ದೀಕ್ಷಾ ಕೊಟ್ಟುಬಿಟ್ಟಿ!”

ಬೈಯಬೇಕಾದವನು ನಕ್ಕುಬಿಟ್ಟ. ಪಾಯಿಂಟುಗಳನ್ನು ಎಮರಿ ಕಾಗದದಿಂದ ತಿಕ್ಕಿದ. ತೆಳು ತಗಡು ತೂರಿಸಿ ಅಳೆದು ನಡುವಿನ ಸಂದು ಸರಿಮಾಡಿ ಮುಚ್ಚಳ ಹಾಕಿದ. ಶಿವದೇವಿ ಒಳಗೆ ಕೂತು ಚಾವಿ ತಿರುಗಿಸಿದಳು. ಗಾಡಿ ಸುರುವಾಯಿತು, ಆದರೆ ಮುದುಕನ ಹಾಗೆ ಕೆಮ್ಮುತ್ತಿತ್ತು. ಅಮೃತಪ್ಪ ಬೋಲ್ಟು ಸಡಿಲಿಸಿ ಡಿಸ್ಟ್ರಿಬ್ಯೂಟರನ್ನೇ ಮೆಲ್ಲಗೆ ಹೊರಳಿಸತೊಡಗಿದ.

“ಇನ್ನೊಂಚೂರು ಎಡಕ್ಕ ತಿರುಗಿಸೋ.”

ತಲೆ ಎತ್ತದೆ ತಿರುಗಿಸಿದ. ಸದ್ದು ಹದಕ್ಕೆ ಬಂತು. ಬೋಲ್ಟು ಬಿಗಿ ಮಾಡಿದ ಮೇಲೆಯೇ ಅದು ಯಾರ ದನಿಯೆಂದು ಹೊಳೆದದ್ದು. ಗೇಟಿನ ಬಳಿ ಕಲ್ಯಾಣಪ್ಪ ನಿಂತಿದ್ದ. ಧೋತರದ ಚುಂಗಿನಲ್ಲಿ ಬನ್ನಿ ಎಲೆ.

“ದಾರಿ ಕಾದು ಕಾದು ಸಾಕಾತು. ಗಾಡಿ ಕೈ ಕೊಟ್ಟಿರಬೇಕಂತ ನಾನೇ ಬಸ್ ಹತ್ತಿದೆ.”

ಹಿರಿಯನೇ ಕಿರಿಯನ ಮನೆಗೆ ಬಂದಿದ್ದ! ಕಾಲು ಮುಟ್ಟಲು ಬಾಗಿದ ಅಮೃತಪ್ಪ ಎಣ್ಣೆಮಸಿಯ ಕೈ ಕಂಡು ತಡೆದ. ಅಣ್ಣ ಆ ಕೈಗಳನ್ನೇ ಹಿಡಿದು ಎಲೆ ಇಟ್ಟ.

“ಬನ್ನಿ ತಗೊಂಡು ಬಂಗಾರದಂಗ ಇರೋಣಪಾ.”

ಅಮೃತಪ್ಪ ಎಲೆಯನ್ನು ಕಣ್ಣಿಗೊತ್ತಿಕೊಂಡ.

“ಗಾಡಿ ಬಂದ್ ಮಾಡ್ಲೇನ್ರಿ?” ಶಿವದೇವಿ ಒಳಗಿಂದ ಕೇಳಿದಳು.

“ಬ್ಯಾಡವಾ. ನಮ್ಮನ್ಯಾಗ ನಿಮ್ಮಕ್ಕ ಹೋಳಗಿ ಮಾಡಿ ಕುಂತಾಳ,” ಎನ್ನುತ್ತ ಕಲ್ಯಾಣಪ್ಪ ಮುಂದಿನ ಬಾಗಿಲು ತೆಗೆದ. “ನಡೀರಿ, ಈ ಡಬ್ಬಾದಾಗ ಹೋಗೂಣು.”

ಆ ಮಾತಿಗೆ ಈ ಸಲ ಅಮೃತಪ್ಪ ಬಾಯಿತುಂಬ ನಕ್ಕ. ಅಳು ಬಂದದ್ದು ಶಿವದೇವಿಗೆ.