ಗೋಡೆಯ ಮೇಲಿನ ಐದನೆಯ ಫೋಟೋ

ಎಲ್ಲಿಂದ ಶುರು ಮಾಡಲಿ? ಹಾರದಿಂದ ಮಾಡಿದರೆ ಹೊನ್ನಯ್ಯ ಮೊದಲ ಸಾಲಿನಲ್ಲೇ ಎದ್ದು ಓಡುತ್ತಾನೆ. ರಗ್ಬಿಯಿಂದ ಮಾಡೋಣ.

೧

೧೯೭೪. ಬೆಸಗರಹಳ್ಳಿಯ ಪಾರ್ಥಸಾರಥಿ ಮೇಷ್ಟ್ರು ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಂದು ಚಿತ್ರ ನೋಡಿದರು. ಯಾವುದೋ ದೇಶದ ಕ್ಲಬ್ಬಿನ ಗೋಡೆಯ ತುಂಬ ರಗ್ಬಿ ದಿಗ್ಗಜರ ಫೋಟೋ. (ರಗ್ಬಿ ಎಂದರೇನು ಎಂದು ಕೇಳಬೇಡಿ. ಮೇಷ್ಟ್ರಿಗೂ ಗೊತ್ತಿಲ್ಲ. ಚೆಂಡು ಮೊಟ್ಟೆಯಂತಿರುತ್ತದೆ ಎನ್ನುವಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು.) ನಮ್ಮ ಕಬಡ್ಡಿಯವರೇನು ಕಡಿಮೆ ಎಂದು ಯುವಕ ಸಂಘದ ಕೋಣೆಯಲ್ಲಿ ಅವರೂ ಐದು ಫೋಟೋ ಹಾಕಿಸಿದರು. ಐದಕ್ಕೂ ಸೇವಂತಿಗೆ ಹಾರ, ಗಾಜಿನ ಮೇಲೆ ಕುಂಕುಮ, ಮುಂದೆ ದೀಪ. ನಾಲ್ವರು ತೀರಿಕೊಂಡವರು. ಐದನೆಯವನು ಹೊನ್ನಯ್ಯ, ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೆ.

೨

ಇಪ್ಪತ್ತು ವರ್ಷ ಎದುರಾಳಿಗಳ ನಡುವೆ ಒಬ್ಬನೇ ನುಗ್ಗಿ ಬಂದವನು ಹೊಸ್ತಿಲು ದಾಟದೆ ಮನೆಗೆ ತಿರುಗಿದ. ಬದುಕಿರುವವನ ಫೋಟೋಗೆ ಹಾರ ಹಾಕಬಾರದು ಎಂದು ಹಳ್ಳಿಯ ಕೂಸಿಗೂ ಗೊತ್ತು. ಓದಿದ ಮೇಷ್ಟ್ರಿಗೆ ಮರೆತುಹೋಗಿತ್ತು.

"ಅದ ಕಿತ್ತಾಕ್ಬುಟ್ಟು ಬಾ," ಎಂದಳು ಹೆಂಡತಿ ಚಿಕ್ಕಬೋರಮ್ಮ. "ನನ್ ಕುಂಕ್ಮ ಉಳಿಸ್ಕೊಡು."

"ಕಿತ್ರೆ ಜನ ನಗಾಕಿಲ್ವಾ? ಊವ್ಗೆ ಎದುರ್ಕಂಡ ಅಂತಾರೆ ಕಣಮ್ಮಿ."

"ನಗ್ಲಿ ಬುಡು. ನಗೋರೆಲ್ಲ ನಿನ್ ತಿಥಿಲಿ ಉಂಡ್ಕಂಡೋಯ್ತಾರೆ."

೩ (ಹರಿದುಹಾಕಿದ್ದು)

ಇಲ್ಲಿ ಅವನನ್ನು ಸಾಯಿಸಿದ್ದೆ. ವಿಮರ್ಶಕರಿಗೆ ಇಷ್ಟವಾಗುತ್ತಿತ್ತು. ಆದರೆ ಹೊನ್ನಯ್ಯ ಕಾಗದದಿಂದ ತಲೆಯೆತ್ತಿದ.

"ಸ್ವಾಮಿ, ಆರ ಆಕ್ಸಿದ್ದು ಮೇಷ್ಟ್ರಲ್ಲ, ನೀವು. ನಂಗೆ ಬಯ ಇರಾದು ನಿಮ್ ಪೆನ್ನಿಂದೇಯ."

"ಇದು ಬರೀ ಕಥೆ, ಹೊನ್ನಯ್ಯ."

"ನಿಮ್ಗೆ ಕತೆ. ನಂಗಿರಾದು ಇದೊಂದೇ ಜೀವ."

ನಿಜ ಹೇಳುತ್ತೇನೆ, ನನಗೂ ಭಯವಾಯಿತು.

೪

ಬೇರೆ ಅಂತ್ಯಗಳು ಬೇಕೇ? ಮೇಷ್ಟ್ರು ಬಂದು ತಪ್ಪಾಯಿತು ಎನ್ನುತ್ತಾರೆ. (ಮೇಷ್ಟ್ರುಗಳು ಎಂದಾದರೂ ಹಾಗೆ ಅಂದದ್ದುಂಟೆ?) ಗಾಳಿ ಬೀಸಿ ಹಾರ ತಾನೇ ಬೀಳುತ್ತದೆ. (ತೀರಾ ಸಿನಿಮಾ.)

೫

ಹೊನ್ನಯ್ಯ ಇದಾವುದಕ್ಕೂ ಕಾಯಲಿಲ್ಲ. ಪಂಚೆ ಎತ್ತಿ ಕಟ್ಟಿದ. ಆಟದ ಗೆರೆ ಮುಟ್ಟುತ್ತಿದ್ದ ಹಾಗೆಯೇ ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಂಡ. ಉಸಿರು ಕಟ್ಟಿ ಒಳಗೆ ನುಗ್ಗಿದ, ಕಬಡ್ಡಿ ಕಬಡ್ಡಿ ಕಬಡ್ಡಿ. ಸತ್ತ ನಾಲ್ವರು ಗೋಡೆಯಿಂದ ನೋಡುತ್ತಿದ್ದಾರೆ. ಚಿಕ್ಕಬೋರಮ್ಮ ಆಚೆ ತಾಳಿ ಹಿಡಿದು ನಿಂತಿದ್ದಾಳೆ. ಕೈ ಹಾರಕ್ಕೆ ತಾಗಿತು. ಇನ್ನು ಉಸಿರು ಮುರಿಯುವ ಮುಂಚೆ ಹೊಸ್ತಿಲು ದಾಟಬೇಕು, ಅವನಿಗೋ ಐವತ್ತೆಂಟು ವರ್ಷ.

ದಾಟಿದನೇ? ಕೇಳಬೇಡಿ. ನಾನು ಸಾಲಿನ ಕೊನೆಗೆ ಚುಕ್ಕಿ ಇಟ್ಟ ಕಡೆ ಅವನ ಉಸಿರು ನಿಲ್ಲುತ್ತದೆ. ಅವನ ದಮ್ಮು ಸಾಲದಿದ್ದರೆ ಎಂದು ನಾನೂ ಜೊತೆಗೆ ಹೇಳುತ್ತಿದ್ದೇನೆ, ನೀವೂ ಹೇಳಿ, ನಿಲ್ಲಿಸಬೇಡಿ, ಕಬಡ್ಡಿ ಕಬಡ್ಡಿ ಕಬಡ್ಡಿ