ಉಳಿದ ಅರ್ಧ

ಕಿಟಕಿಯ ಸರಳು ಬಸ್ಸಿನ ಕುಲುಕಿಗೆ ಅಲುಗುತ್ತಿತ್ತು, ಅದರ ನೆರಳು ಅಜಮತ್ ಉಲ್ಲಾನ ತೊಡೆಯ ಮೇಲಿನ ಕಾಗದವನ್ನು ಅಡ್ಡಡ್ಡ ಗೀಚುತ್ತಿತ್ತು — ಏನ್ರೀ ಮೇಷ್ಟ್ರೇ, ಸೊರಬದಿಂದ ಕೂಗ್ತಾ ಇದೀನಿ, ಕಿವಿ ಶಾಲೇಲೇ ಬಿಟ್ಟು ಬಂದ್ರಾ, ಎಂದ ಕಂಡಕ್ಟರು — ಶಿಕಾರಿಪುರ ಒಂದು, ಎಂದು ಇವನು ಮತ್ತೆ ಕಾಗದಕ್ಕೆ ಬಂದ, ಐದನೆಯ ಸಲ. ಬೆಂಗಳೂರಿನ ಡಾಕ್ಟರು ಬರೆದದ್ದರಲ್ಲಿ ಅಸ್ಪಷ್ಟವಾದದ್ದು ಯಾವುದೂ ಇಲ್ಲ: ನಿಮ್ಮ ತಂದೆಯ ಶ್ವಾಸಕೋಶದಿಂದ ತೆಗೆದ ಗಂಟು ಕ್ಯಾನ್ಸರ್, ಗೋಲಿಯಷ್ಟಿರುವಾಗಲೇ ಸಿಕ್ಕಿದೆ, ಪೂರ್ತಿ ಹೊರಬಂದಿದ್ದರೆ ಭಯವಿಲ್ಲ, ಬಂದಿದೆಯೇ ಎಂದು ಹೇಳಬಲ್ಲ ಅಂಚು, ಉಸಿರುನಾಳವನ್ನು ಕತ್ತರಿಸಿದ ಕಡೆಯದು, ನೀವು ಒಯ್ದ ಅರ್ಧದಲ್ಲಿದೆ, ಕೂಡಲೇ ಕಳುಹಿಸಿ. ಕಳುಹಿಸುವುದು ಎಲ್ಲಿಂದ, ಅದು ಶಿಕಾರಿಪುರದ ಖಬರಸ್ತಾನದಲ್ಲಿ, ಅಮ್ಮಿಯ ಗೋರಿಯ ಪಕ್ಕ, ಮೊಳದಾಳದಲ್ಲಿ ಐದು ವಾರದಿಂದ ಇದೆ, ತೋಡಿದವನೂ ಇವನೇ, ಮುಚ್ಚಿದವನೂ ಇವನೇ. ಅಬ್ಬಾನಿಗೆ ಕೆಮ್ಮಿರಲಿಲ್ಲ, ದಮ್ಮಿರಲಿಲ್ಲ, ಪೇಟೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವ ಮಸ್ತಾನ್ ಸಾಬ್, ಏಣಿಯಿಂದ ಬಿದ್ದು ಪಕ್ಕೆ ನೋವೆಂದು ತೆಗೆಸಿದ ಎಕ್ಸರೇಯಲ್ಲಿ ಒಂದು ದುಂಡು ನೆರಳು, ಅಷ್ಟೇ — ಗಟ್ಟಿಮುಟ್ಟಾಗಿರೋನ ಎದೆ ಸೀಳೋದು ಯಾವ ಸೀಮೆ ಇಲ್ಮೋ, ಯಾವ ಸೀಮೆ ವಿದ್ಯೆಯೋ, ಎಂದಿದ್ದರು ಅಬ್ಬಾ, ಆಯ್ತು, ಮಲಗ್ತೀನಿ, ಆದ್ರೆ ನನ್ನ ಮೈಯಿಂದ ತೆಗೆದದ್ದು ಮಣ್ಣಿಗೆ ಹೋಗ್ಬೇಕು ಬೇಟಾ, ಬಾಟ್ಲಿಗಲ್ಲ, ಮಾತು ಕೊಡು. ಕೊಟ್ಟಿದ್ದ. ಆಪರೇಷನ್ ಆದ ದಿನ ಆಸ್ಪತ್ರೆಯ ಪ್ರಯೋಗಾಲಯದ ರಾಜಪ್ಪ ಚಾಕು ಒರೆಸುತ್ತ ನಕ್ಕಿದ್ದ, ಇದರಲ್ಲೂ ಪಾಲು ಕೇಳೋರನ್ನ ಇವತ್ತೇ ಕಂಡೆ ಕಣ್ರೀ, ತಗೊಳ್ಳಿ, ಅರ್ಧ ನಮಗಿರ್ಲಿ — ಅಂಗೈಯಲ್ಲಿ ತಣ್ಣಗೆ, ಒದ್ದೆಯಾಗಿ, ನಡುವೆ ಗಂಟಿನ ಆ ಬಿಳಿ. ಫಾರ್ಮಲಿನ್ನಿನಲ್ಲಿಡದ ಅಂಗಾಂಶ ಎರಡು ದಿನಕ್ಕೆ ಕೊಳೆತು ಸಾಕ್ಷಿ ಹೇಳದಂತಾಗುತ್ತದೆ, ಆ ದ್ರವದಲ್ಲೇ ಕಪ್ಪೆಗಳನ್ನಿಟ್ಟು ತರಗತಿಗೆ ತೋರಿಸಿದವನು, ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವನು, ಗೊತ್ತಿದ್ದೂ ಕೈಯೊಡ್ಡಿದ, ಅರ್ಧ ವಿಜ್ಞಾನಕ್ಕೆ, ಅರ್ಧ ಕೊಟ್ಟ ಮಾತಿಗೆ, ಎಷ್ಟು ನೇರ್ಪಾಗಿ ಕಂಡಿತ್ತು ಆಗ.

ಶಿರಾಳಕೊಪ್ಪ, ಬಳ್ಳಿಗಾವಿಗೆ ಹೋಗೋರು ಇಳ್ಕೊಳ್ಳಿ, ಎಂದು ಕಂಡಕ್ಟರು ಕೂಗಿದ, ಶಿಕಾರಿಪುರಕ್ಕೆ ಇನ್ನು ಮುಕ್ಕಾಲು ಗಂಟೆ, ಅಬ್ಬಾ ಅಂಗಡಿಯ ಬಾಗಿಲಲ್ಲೇ ಕೂತಿರುತ್ತಾರೆ, ಏನ್ ಬರೆದಾರೆ ಬೇಟಾ, ಸೋಮವಾರದಿಂದ ಕುಲುಮೆ ಹೊತ್ತಿಸ್ಲಾ? ನಿಮ್ಮ ಮಾತು ನಡೆಸಿದ್ದಕ್ಕೇ ಏನೂ ತಿಳಿಯದಾಯಿತು ಎಂದು ಯಾವ ಬಾಯಿಂದ ಹೇಳಲಿ, ಎಲ್ಲ ಸರಿಯಾಗಿದೆ ಎಂದರೆ ಮತ್ತೆಂದೂ ಅವರು ಎಕ್ಸರೇ ಯಂತ್ರದ ಮುಂದೆ ನಿಲ್ಲಲಾರರು. ಆದರೆ ಆ ಅರ್ಧವನ್ನು ಹಗಲ ಬೆಳಕಿನಲ್ಲಿ ನೋಡಿದವನು ಇವನು, ಮಲ್ಲು ಬಟ್ಟೆಯಲ್ಲಿ ಸುತ್ತುವ ಮೊದಲು ಕಿಟಕಿಯ ಬಳಿ ಹಿಡಿದು ನೋಡಿದ್ದ, ನೆನಪಿಸಿಕೊಳ್ಳಬೇಕು, ಕ್ರಮವಾಗಿ, ಹೊರಗಿನಿಂದ ಒಳಕ್ಕೆ — ಬೂದು ಬೆರೆತ ಕೆಂಪು, ಅದರ ನಡುವೆ ಬಿಳಿ, ಗಟ್ಟಿ, ಸುತ್ತಲಿನದನ್ನೆಲ್ಲ ತನ್ನತ್ತ ಸೆಳೆದು ನೆರಿಗೆ ಹಿಡಿದದ್ದು, ಬಿಳಿಯಿಂದ ಹೊರಟ ಒಂದು ಎಳೆ ನಾಳದ ಕಡೆಗೆ, ಕತ್ತರಿಸಿದ ಅಂಚಿನ ಕಡೆಗೆ, ಸಣ್ಣದಾಗುತ್ತ, ಅಂಚಿಗೆ ಮೊದಲೇ ಮುಗಿಯಿತೇ, ಅಂಚನ್ನು ಮುಟ್ಟಿತೇ, ಅಲ್ಲಿ ಹೆಬ್ಬೆರಳು, ಜಾರದಿರಲೆಂದು ಒತ್ತಿ ಹಿಡಿದ ಇವನದೇ ಹೆಬ್ಬೆರಳು — ಇನ್ನೊಮ್ಮೆ, ನಿಧಾನವಾಗಿ, ಕೆಂಪು, ಬಿಳಿ, ಎಳೆ, ಎಳೆಯ ತುದಿಗೆ ಹೆಬ್ಬೆರಳು, ಉಗುರು, ಉಗುರಿನಡಿ ಏನೂ ಕಾಣದು, ಬಿಳಿ, ಎಳೆ, ಹೆಬ್ಬೆರಳು —